ಕುಡಿಯುವ ನೀರಿನ ಬೋರ್ ಸುತ್ತ 500 ಮೀಟರ್ ಒಳಗೆ ಎಷ್ಟು ಖಾಸಗಿ ಬೋರ್? ನಕ್ಷೆ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ಎಣಿಕೆ ಹೊಂದುತ್ತಿಲ್ಲ

ಕೆರೆಕೋಡಿ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಕೋಲಾರ ಜಿಲ್ಲೆಯ ಮಾಲೂರು ಮತ್ತು ಮುಳಬಾಗಿಲು ತಾಲ್ಲೂಕುಗಳ ಎರಡು ಸಿಎಸ್‌ವಿ ಫೈಲ್‌ಗಳಿವೆ. ಒಂದರಲ್ಲಿ ಪಂಚಾಯಿತಿಗಳ ಕುಡಿಯುವ ನೀರಿನ ಬೋರ್‌ಗಳು, ಇನ್ನೊಂದರಲ್ಲಿ ಖಾಸಗಿ ಬೋರ್‌ಗಳು. ಎರಡರಲ್ಲೂ ಅಕ್ಷಾಂಶ, ರೇಖಾಂಶ, ಊರು, ಸರ್ವೆ ನಂಬರ್ ಇವೆ. ಖಾಸಗಿ ಪಟ್ಟಿಯಲ್ಲಿ ಪಂಪ್‌ಸೆಟ್‌ನ ಆರ್‌ಆರ್ ನಂಬರ್ ಮತ್ತು ಈಗ ನೀರು ಬರುತ್ತಿದೆಯೋ ಇಲ್ಲವೋ ಎಂಬ ಕಾಲಂ ಕೂಡ ಇದೆ.

ಕುಡಿಯುವ ನೀರಿನ ಮೂಲಗಳ ರಕ್ಷಣೆಗಾಗಿ ಇರುವ ಕರ್ನಾಟಕದ 1999ರ ಅಂತರ್ಜಲ ಕಾಯ್ದೆಯಲ್ಲಿ ಸಾರ್ವಜನಿಕ ಮೂಲದಿಂದ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಬೋರ್ ಕೊರೆಯುವಂತಿಲ್ಲ ಎಂದಿದೆಯಲ್ಲ, ಆ ಲೆಕ್ಕಕ್ಕೆ ಪ್ರತಿ ಪಂಚಾಯಿತಿ ಬೋರ್ ಎದುರು ಒಂದು ಸಂಖ್ಯೆ ಬೇಕು.

ಬಫರ್‌ನಲ್ಲಿ (ಬಿಂದುವಿನ ಸುತ್ತ ಕೊಟ್ಟ ದೂರಕ್ಕೆ ವೃತ್ತ ಎಳೆಯುವ ಟೂಲ್) 500 ಎಂದು ಕೊಟ್ಟರೆ ಎಲ್ಲ ಸಾಲಿಗೂ ಒಂದೇ ಸಂಖ್ಯೆ ಬರುತ್ತಿದೆ, ಅದೂ ಖಾಸಗಿ ಬೋರ್‌ಗಳ ಒಟ್ಟು ಸಂಖ್ಯೆ. ಲೇಯರನ್ನು (ನಕ್ಷೆಯ ಪದರ) ಇಪಿಎಸ್‌ಜಿ 3857 ಎಂಬ ನಿರ್ದೇಶಾಂಕ ಪದ್ಧತಿಗೆ ಬದಲಿಸಿದ ಮೇಲೆ ಬೇರೆ ಬೇರೆ ಸಂಖ್ಯೆಗಳು ಬಂದವು. ಆದರೆ ಮೆಷರ್ ಟೂಲ್‌ನಿಂದ ಅಳೆದರೆ 485, 490 ಮೀಟರ್‌ನಲ್ಲಿರುವ ಕೆಲವು ಬೋರ್‌ಗಳು ಎಣಿಕೆಗೆ ಸೇರಿಲ್ಲ. ಎಲ್ಲಿ ತಪ್ಪುತ್ತಿದೆ? ನೀರು ಬರುತ್ತಿರುವ ಬೋರ್‌ಗಳನ್ನಷ್ಟೇ ಬೇರೆಯಾಗಿ ಎಣಿಸುವುದು ಹೇಗೆ?

ಅಕ್ಷಾಂಶ13 ಉತ್ತರ:

ಎರಡು ತೊಂದರೆಗಳ ಮೂಲವೂ ಒಂದೇ: ದೂರದ ಏಕಮಾನ.

ಸಿಎಸ್‌ವಿಯಿಂದ ಬಂದ ಲೇಯರ್ ಇಪಿಎಸ್‌ಜಿ 4326ರಲ್ಲಿರುತ್ತದೆ, ಅದರ ಏಕಮಾನ ಡಿಗ್ರಿ. ಅಲ್ಲಿ 500 ಎಂದರೆ 500 ಡಿಗ್ರಿ. ಇಡೀ ಭೂಮಿಯೇ 360 ಡಿಗ್ರಿ, ಹಾಗಾಗಿ ಪ್ರತಿ ಬಫರ್ ಒಳಗೂ ನಿಮ್ಮ ಎಲ್ಲ ಬೋರ್‌ಗಳು ಬಿದ್ದಿವೆ. ಬಫರ್ ಡೈಲಾಗ್‌ನಲ್ಲಿ ದೂರದ ಬಾಕ್ಸ್ ಪಕ್ಕ ‘ಡಿಗ್ರೀಸ್’ ಎಂದು, ಜೊತೆಗೆ ಹಳದಿ ಎಚ್ಚರಿಕೆಯ ಗುರುತು ಕಂಡರೆ ಅಲ್ಲೇ ನಿಲ್ಲಿಸಬೇಕು. 500ರ ಬದಲು 0.0045 ಎಂದು ಕೊಡುವವರೂ ಇದ್ದಾರೆ, ಅದೂ ಬೇಡ. 13 ಡಿಗ್ರಿ ಅಕ್ಷಾಂಶದಲ್ಲಿ ಅದು ಉತ್ತರ–ದಕ್ಷಿಣಕ್ಕೆ ಸುಮಾರು 498 ಮೀಟರ್, ಪೂರ್ವ–ಪಶ್ಚಿಮಕ್ಕೆ ಸುಮಾರು 488 ಮೀಟರ್ ಆಗುತ್ತದೆ. ವೃತ್ತ ಬರುವುದಿಲ್ಲ.

3857ರಲ್ಲಿ ಮೀಟರ್ ಇದೆ, ನಿಜ. ಆದರೆ ಅದು ವೆಬ್ ನಕ್ಷೆ ತೋರಿಸಲು ಮಾಡಿದ್ದು, ಅಳತೆಗಲ್ಲ. ಸಮಭಾಜಕದಿಂದ ದೂರ ಹೋದಷ್ಟೂ ಅದರ ಮೀಟರ್ ಹಿಗ್ಗುತ್ತದೆ. ಕೋಲಾರದ ಅಕ್ಷಾಂಶದಲ್ಲಿ ಅಲ್ಲಿಯ 500 ಎಂದರೆ ನೆಲದ ಮೇಲೆ ಸುಮಾರು 487 ಮೀಟರ್. ಮೆಷರ್ ಟೂಲ್ ಎಲಿಪ್ಸಾಯ್ಡಲ್ (ಭೂಮಿಯ ದುಂಡನ್ನು ಲೆಕ್ಕಕ್ಕೆ ಹಿಡಿಯುವ) ಸ್ಥಿತಿಯಲ್ಲಿದ್ದರೆ ನೆಲದ ನಿಜವಾದ ದೂರ ಹೇಳುತ್ತದೆ, ಬಫರ್ ಹಾಗೆ ಮಾಡುವುದಿಲ್ಲ. 490ರಲ್ಲಿರುವ ಬೋರ್ ಬಿಟ್ಟುಹೋದದ್ದು ಇದರಿಂದ. ದೂರದಲ್ಲಿ 13 ಮೀಟರ್ ಎಂದರೆ ಸಣ್ಣದಾಗಿ ಕಾಣುತ್ತದೆ, ಆದರೆ ವೃತ್ತದ ವಿಸ್ತೀರ್ಣದಲ್ಲಿ ಅದು ಶೇ. 5ರಷ್ಟು ಕಡಿತ. (485ರದ್ದು ಯಾಕೆ ಹೋಯಿತು ಎಂಬುದಕ್ಕೆ ಬೇರೆ ಕಾರಣ ಇದೆ, ಬಫರ್ ಬಲ್ಲವರು ಯಾರಾದರೂ ಹೇಳುತ್ತಾರೆ.)

ನಿಮಗೆ ಬೇಕಾದದ್ದು ಯುಟಿಎಂ, ಅಂದರೆ ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರ್‌ನಲ್ಲಿ ಅಳೆಯುವ ಪದ್ಧತಿ. ಕೋಲಾರಕ್ಕೆ ಒಂದು ತೊಡಕಿದೆ: 43 ಮತ್ತು 44ನೇ ವಲಯಗಳ ಗಡಿ 78 ಡಿಗ್ರಿ ಪೂರ್ವ ರೇಖಾಂಶ. ಮಾಲೂರು ಅದರ ಪಶ್ಚಿಮಕ್ಕೆ, ಮುಳಬಾಗಿಲು ಪೂರ್ವಕ್ಕೆ. ತಾಲ್ಲೂಕಿಗೊಂದು ವಲಯ ಮಾಡಲು ಹೋಗಬೇಡಿ. ಎಲ್ಲವನ್ನೂ 44 ಉತ್ತರಕ್ಕೆ, ಅಂದರೆ ಇಪಿಎಸ್‌ಜಿ 32644ಕ್ಕೆ ತನ್ನಿ. ಮಾಲೂರು ಆ ವಲಯದ ಅಂಚಿನಿಂದ ಸ್ವಲ್ಪ ಹೊರಗಿದ್ದರೂ 500 ಮೀಟರ್‌ಗೆ ಬರುವ ವ್ಯತ್ಯಾಸ ಅರ್ಧ ಮೀಟರ್ ಆಸುಪಾಸು. ಜಿಪಿಎಸ್ ತಪ್ಪೇ ಅದಕ್ಕಿಂತ ಹತ್ತು ಪಟ್ಟು ಇರುತ್ತದೆ.

ಬದಲಿಸುವ ವಿಧಾನ: ಪ್ರೊಸೆಸಿಂಗ್ ಟೂಲ್‌ಬಾಕ್ಸ್‌ನಲ್ಲಿ ‘ರೀಪ್ರೊಜೆಕ್ಟ್ ಲೇಯರ್’, ಟಾರ್ಗೆಟ್ 32644, ಎರಡೂ ಲೇಯರ್‌ಗಳಿಗೆ. ಲೇಯರ್ ಮೇಲೆ ರೈಟ್ ಕ್ಲಿಕ್ ಮಾಡಿದಾಗ ಸಿಗುವ ‘ಸೆಟ್ ಲೇಯರ್ ಸಿಆರ್‌ಎಸ್’ ಬಳಸಬಾರದು (ಸಿಆರ್‌ಎಸ್ ಎಂದರೆ ನಿರ್ದೇಶಾಂಕ ಪದ್ಧತಿ). ಅದು ಅಂಕಿಗಳನ್ನು ಪರಿವರ್ತಿಸುವುದಿಲ್ಲ, ಮೇಲಿನ ಚೀಟಿಯನ್ನಷ್ಟೇ ಬದಲಿಸುತ್ತದೆ. 78.39, 13.16 ಎಂಬ ಡಿಗ್ರಿಗಳನ್ನು ಅದು ಮೀಟರ್ ಎಂದು ಓದುತ್ತದೆ. ಆಗ ಎರಡೂ ತಾಲ್ಲೂಕುಗಳ ಬೋರ್‌ಗಳು ಸಮಭಾಜಕದ ಬಳಿ ಹಿಂದೂ ಮಹಾಸಾಗರದಲ್ಲಿ ಒಂದೆರಡು ಮೀಟರ್ ಜಾಗದೊಳಗೆ ಗುಡ್ಡೆ ಬೀಳುತ್ತವೆ, ಎಣಿಕೆ ಮತ್ತೆ ಒಟ್ಟು ಸಂಖ್ಯೆಯೇ ಬರುತ್ತದೆ. ಕೆಳಗೆ ಬಲಮೂಲೆಯಲ್ಲಿರುವ ಪ್ರಾಜೆಕ್ಟ್ ಸಿಆರ್‌ಎಸ್ ಬದಲಿಸಿದರೂ ಪ್ರಯೋಜನವಿಲ್ಲ, ಅದು ಪರದೆಗೆ ಮಾತ್ರ.

ಪದರಪದರ ಉತ್ತರ:

ಅಕ್ಷಾಂಶ ಅವರು ಬಿಟ್ಟ 485ರ ವಿಷಯ. ಬಫರ್ ಕೊಡುವುದು ವೃತ್ತವಲ್ಲ, ಬಹುಭುಜ (ಪಾಲಿಗನ್). ಡೈಲಾಗ್‌ನಲ್ಲಿ ‘ಸೆಗ್ಮೆಂಟ್ಸ್’ ಎಂದಿದೆಯಲ್ಲ, ಅದು ಕಾಲು ವೃತ್ತಕ್ಕೆ ಎಷ್ಟು ಗೆರೆ ಎಂಬ ಲೆಕ್ಕ. ಮೊದಲೇ ಇರುವ 5ನ್ನು ಹಾಗೇ ಬಿಟ್ಟರೆ 20 ಮೂಲೆಗಳ ಆಕೃತಿ ಬರುತ್ತದೆ. ಮೂಲೆಗಳು 500 ಮೀಟರ್‌ನಲ್ಲೇ ಇರುತ್ತವೆ, ಆದರೆ ಎರಡು ಮೂಲೆಗಳ ನಡುವಿನ ಗೆರೆ ಒಳಕ್ಕೆ ಸರಿದು 493.8 ಮೀಟರ್‌ಗೆ ಬರುತ್ತದೆ. 3857ರ ಕಡಿತವೂ ಸೇರಿದರೆ ಕೆಲವು ದಿಕ್ಕುಗಳಲ್ಲಿ ನಿಮ್ಮ ಗಡಿ 481ಕ್ಕೇ ಮುಗಿದಿದೆ. ಸೆಗ್ಮೆಂಟ್ಸ್ 25 ಮಾಡಿ, ಕೊರತೆ 25 ಸೆಂಟಿಮೀಟರ್‌ಗೆ ಇಳಿಯುತ್ತದೆ.

ಬಫರ್ ಮಾಡುವಾಗ ‘ಡಿಸಾಲ್ವ್ ರಿಸಲ್ಟ್’ ಟಿಕ್ ತೆಗೆದಿರಬೇಕು. ಇಲ್ಲದಿದ್ದರೆ ಎಲ್ಲ ವೃತ್ತಗಳೂ ಒಂದೇ ಆಕೃತಿಯಾಗಿ ಒಂದೇ ಸಾಲು ಉಳಿಯುತ್ತದೆ. ನಂತರ ವೆಕ್ಟರ್ ಮೆನು, ಅನಾಲಿಸಿಸ್ ಟೂಲ್ಸ್, ‘ಕೌಂಟ್ ಪಾಯಿಂಟ್ಸ್ ಇನ್ ಪಾಲಿಗನ್’. ಪಾಲಿಗನ್ ಜಾಗಕ್ಕೆ ಬಫರ್, ಪಾಯಿಂಟ್ಸ್ ಜಾಗಕ್ಕೆ ಖಾಸಗಿ ಬೋರ್. ಒಂದೂ ಇಲ್ಲದ ಕಡೆ ಸೊನ್ನೆ ಬರುತ್ತದೆ, ಸಾಲು ಕಳೆದುಹೋಗುವುದಿಲ್ಲ.

ನೀರು ಬರುತ್ತಿರುವವನ್ನು ಎಣಿಸಲು ಖಾಸಗಿ ಲೇಯರ್‌ನಲ್ಲಿ ಹೊಸ ಇಂಟಿಜರ್ ಕಾಲಂ ಮಾಡಿ: ಬರುತ್ತಿದ್ದರೆ 1, ಬತ್ತಿದ್ದರೆ 0. ಅದೇ ಟೂಲ್‌ನ ‘ವೆಯ್ಟ್ ಫೀಲ್ಡ್’ನಲ್ಲಿ ಆ ಕಾಲಂ ಆರಿಸಿದರೆ ಎಣಿಕೆಯ ಬದಲು ಅದರ ಮೊತ್ತ ಬರುತ್ತದೆ. ಪಕ್ಕದ ‘ಕ್ಲಾಸ್ ಫೀಲ್ಡ್’ ಬೇಡ. ಅದು ಎಷ್ಟು ಬಗೆ ಇವೆ ಎಂದು ಎಣಿಸುತ್ತದೆ, ಎಷ್ಟು ಬೋರ್ ಎಂದಲ್ಲ.

ಬಫರ್ ಇಲ್ಲದೆಯೂ ಆಗುತ್ತದೆ, ನನಗೆ ಅದೇ ಇಷ್ಟ. ಕ್ಯೂಜಿಐಎಸ್ 3.16ರಿಂದ ಈಚೆಗೆ ಫೀಲ್ಡ್ ಕ್ಯಾಲ್ಕ್ಯುಲೇಟರ್‌ನಲ್ಲಿ ‘ಓವರ್‌ಲೇ ನಿಯರೆಸ್ಟ್’ ಫಂಕ್ಷನ್ ಇದೆ. ಪಂಚಾಯಿತಿ ಲೇಯರ್ ಮೇಲೆ ಅದನ್ನು ನಡೆಸಿ: ಲೇಯರ್ ಜಾಗದಲ್ಲಿ ಖಾಸಗಿ ಬೋರ್, ಲಿಮಿಟ್ ಮೈನಸ್ 1, ಗರಿಷ್ಠ ದೂರ 500. ಸಿಗುವ ಪಟ್ಟಿಯನ್ನು ‘ಅರೇ ಲೆಂಗ್ತ್’ ಒಳಗೆ ಹಾಕಿದರೆ ಎಣಿಕೆ. ಲಿಮಿಟ್ ಕೊಡದೆ ಬಿಟ್ಟರೆ ಅತಿ ಹತ್ತಿರದ ಒಂದೇ ಒಂದು ಸಿಗುತ್ತದೆ, ಆಗ ಎಲ್ಲ ಕಡೆ 1 ಅಥವಾ 0 ಕಾಣುತ್ತದೆ. ಹಳೆಯ ‘ಅಗ್ರಿಗೇಟ್’ ಫಂಕ್ಷನ್‌ಗೆ ದೂರದ ಫಿಲ್ಟರ್ ಹಾಕಿಯೂ ಮಾಡಬಹುದು, ಆದರೆ ಅದು ಸ್ಪೇಷಿಯಲ್ ಇಂಡೆಕ್ಸ್ (ಹತ್ತಿರದವನ್ನು ಬೇಗ ಹುಡುಕಿಕೊಡುವ ಸೂಚಿ) ನೋಡದೆ ಪ್ರತಿ ಬೋರನ್ನೂ ಪ್ರತಿ ಬೋರಿಗೆ ಅಳೆಯುತ್ತ ಕೂರುತ್ತದೆ.

ಇನ್ನೊಂದು: ಫಲಿತಾಂಶವನ್ನು ಶೇಪ್‌ಫೈಲ್ ಮಾಡಬೇಡಿ, ಜಿಯೋಪ್ಯಾಕೇಜ್ ಮಾಡಿ. ಶೇಪ್‌ಫೈಲ್ ಕಾಲಂ ಹೆಸರನ್ನು 10 ಅಕ್ಷರಕ್ಕೆ ಕತ್ತರಿಸುತ್ತದೆ. ಎನ್‌ಕೋಡಿಂಗ್ ಸ್ವಲ್ಪ ತಪ್ಪಿದರೂ ಕನ್ನಡದ ಊರ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ.

ಕೆರೆಕೋಡಿ ಬರೆದದ್ದು:

ತುಂಬಾ ಉಪಕಾರವಾಯಿತು ಸರ್. 32644ಕ್ಕೆ ತಂದು, ಸೆಗ್ಮೆಂಟ್ಸ್ 25 ಇಟ್ಟು ಮಾಡಿದೆ. ಬಫರ್ ವಿಧಾನಕ್ಕೂ ಫೀಲ್ಡ್ ಕ್ಯಾಲ್ಕ್ಯುಲೇಟರ್ ವಿಧಾನಕ್ಕೂ ಸಂಖ್ಯೆ ಹೊಂದುತ್ತಿದೆ. ಎರಡು ಸಂಶಯ ಉಳಿದಿವೆ. ಒಂದು, ಎಣಿಕೆಯ ಕಾಲಂ ಕೂಡಿಸಿದರೆ ಖಾಸಗಿ ಬೋರ್‌ಗಳ ಒಟ್ಟು ಸಂಖ್ಯೆಗಿಂತ ಹೆಚ್ಚು ಬರುತ್ತಿದೆ. ಎರಡು, ದೊಡ್ಡ ಊರುಗಳ ಪಕ್ಕದ ಕೆಲವು ಬೋರ್‌ಗಳಿಗೆ ಸೊನ್ನೆ ತೋರಿಸುತ್ತಿದೆ, ಅಲ್ಲಿ ಸೊನ್ನೆ ಇರಲು ಸಾಧ್ಯವೇ ಇಲ್ಲ.

ಸರಪಳಿಅಳತೆ ಉತ್ತರ:

ಕೂಡಿಸಿದರೆ ಹೆಚ್ಚು ಬರಲೇಬೇಕು. ಒಂದೇ ಊರಿನಲ್ಲಿ ಎರಡು ಮೂರು ಪಂಚಾಯಿತಿ ಬೋರ್ ಇದ್ದರೆ ಅವುಗಳ ವೃತ್ತಗಳು ಒಂದರ ಮೇಲೊಂದು ಬೀಳುತ್ತವೆ, ನಡುವಿನ ಖಾಸಗಿ ಬೋರ್ ಪ್ರತಿ ವೃತ್ತದಲ್ಲೂ ಎಣಿಕೆಯಾಗುತ್ತದೆ. ಪ್ರತಿ ಸಾಲಿನ ಸಂಖ್ಯೆ ಸರಿ, ಮೊತ್ತಕ್ಕೆ ಅರ್ಥವಿಲ್ಲ. ‘ತಾಲ್ಲೂಕಿನಲ್ಲಿ ಒಟ್ಟು ಎಷ್ಟು ಖಾಸಗಿ ಬೋರ್ 500 ಮೀಟರ್ ಒಳಗಿವೆ’ ಎಂದು ಯಾರಾದರೂ ಕೇಳಿದರೆ ಈ ಕಾಲಂ ಕೂಡಿಸಿ ಕೊಡಬೇಡಿ. ‘ಎಕ್ಸ್‌ಟ್ರಾಕ್ಟ್ ವಿದಿನ್ ಡಿಸ್ಟೆನ್ಸ್’ ಟೂಲ್‌ಗೆ ಖಾಸಗಿ ಲೇಯರ್ ಕೊಟ್ಟು, ಹೋಲಿಕೆಗೆ ಪಂಚಾಯಿತಿ ಲೇಯರ್ ಕೊಟ್ಟರೆ ಒಂದು ಬೋರ್ ಒಂದೇ ಸಲ ಬರುತ್ತದೆ. ಆ ಸಾಲುಗಳ ಸಂಖ್ಯೆಯೇ ಉತ್ತರ.

ಸೊನ್ನೆಯ ವಿಷಯ ಬಹುಪಾಲು ಡೇಟಾದಲ್ಲಿರುತ್ತದೆ, ಟೂಲ್‌ನಲ್ಲಲ್ಲ. ಹೀಗೆ ನೋಡಿ. ಮೊದಲು ‘ಝೂಮ್ ಟು ಲೇಯರ್’ ಒತ್ತಿ. ನಕ್ಷೆ ಕೋಲಾರಕ್ಕೆ ಹೋಗದೆ ಇಡೀ ಜಗತ್ತು ಕಂಡರೆ ಅಕ್ಷಾಂಶ–ರೇಖಾಂಶ ಅದಲುಬದಲಾದ ಸಾಲುಗಳಿವೆ. 78 ಉತ್ತರ, 13 ಪೂರ್ವ ಎಂದರೆ ಆರ್ಕ್ಟಿಕ್‌ನ ಸ್ವಾಲ್ಬಾರ್ಡ್ ದ್ವೀಪಗಳ ಪಕ್ಕ. ಇಂಥವು ಕಣ್ಣಿಗೆ ಬೀಳುತ್ತವೆ, ಸುಲಭ.

ಕಣ್ಣಿಗೆ ಬೀಳದ್ದು ಡಿಗ್ರಿ–ನಿಮಿಷದ ಗೊಂದಲ. ಪಟ್ಟಿ ಬರೆದವರು 13 ಡಿಗ್ರಿ 08 ನಿಮಿಷವನ್ನು 13.08 ಎಂದು ಬರೆದಿರುತ್ತಾರೆ. ಅದು ನಿಜಕ್ಕೂ 13.133. ವ್ಯತ್ಯಾಸ ಸುಮಾರು 6 ಕಿಲೋಮೀಟರ್. ಬೋರ್ ಜಿಲ್ಲೆಯೊಳಗೇ ಇರುತ್ತದೆ, ಊರು ಮಾತ್ರ ಬೇರೆ. ಹಿಡಿಯುವ ಉಪಾಯ: ದಶಮಾಂಶದ ಮೊದಲ ಎರಡು ಅಂಕಿ ಎಲ್ಲೂ 59 ದಾಟದ ಗುಂಪು ಇದೆಯೇ ನೋಡಿ. ಆಮೇಲೆ ಗ್ರಾಮ ಗಡಿಯ ಪಾಲಿಗನ್ ಜೊತೆ ‘ಜಾಯಿನ್ ಆಟ್ರಿಬ್ಯೂಟ್ಸ್ ಬೈ ಲೊಕೇಶನ್’ ಮಾಡಿ, ಪಟ್ಟಿಯಲ್ಲಿರುವ ಊರಿನ ಹೆಸರು ಮತ್ತು ಪಾಲಿಗನ್‌ನ ಊರಿನ ಹೆಸರು ಹೊಂದದ ಸಾಲುಗಳನ್ನು ಬೇರ್ಪಡಿಸಿ. ಗಡಿಯ ಮೇಲಿನ ಕೆಲವು ಸುಳ್ಳು ಎಚ್ಚರಿಕೆಗಳು ಬರುತ್ತವೆ, ಉಳಿದವು ನಿಜವಾದ ತಪ್ಪುಗಳು. ದಶಮಾಂಶದ ಸ್ಥಾನಗಳೂ ಮುಖ್ಯ: ಮೂರೇ ಸ್ಥಾನ ಇದ್ದರೆ ಜಾಗದ ನಿಖರತೆ 110 ಮೀಟರ್‌ಗೆ ನಿಲ್ಲುತ್ತದೆ, 500ರ ಲೆಕ್ಕಕ್ಕೆ ಅದು ಸಾಲದು. ಐದು ಸ್ಥಾನ ಬೇಕು.

ಸೊನ್ನೆಗೆ ವಿರುದ್ಧವಾದ ತೊಂದರೆ, ಒಂದೇ ಬೋರ್ ಎರಡು ಸಲ ಸಮೀಕ್ಷೆಯಾಗಿರುವುದು. ಎರಡನೇ ಸಲ ಮೊಬೈಲ್ ನಾಲ್ಕೈದು ಮೀಟರ್ ಆಚೆ ತೋರಿಸಿರುತ್ತದೆ, ಹಾಗಾಗಿ ‘ಡಿಲೀಟ್ ಡೂಪ್ಲಿಕೇಟ್ ಜಿಯಾಮೆಟ್ರೀಸ್’ಗೆ ಸಿಗುವುದಿಲ್ಲ. ‘ಡಿಬಿಸ್ಕ್ಯಾನ್ ಕ್ಲಸ್ಟರಿಂಗ್’ನಲ್ಲಿ ಕನಿಷ್ಠ ಗಾತ್ರ 2, ಗರಿಷ್ಠ ದೂರ 10 ಮೀಟರ್ ಕೊಟ್ಟರೆ ಅನುಮಾನದ ಜೋಡಿಗಳು ಸಿಗುತ್ತವೆ. ಅವನ್ನು ಕಣ್ಣುಮುಚ್ಚಿ ಅಳಿಸಬೇಡಿ! ಕೋಲಾರದ ಕಡೆ ಬತ್ತಿದ ಬೋರ್ ಪಕ್ಕದಲ್ಲೇ ಹೊಸದು ಕೊರೆಸಿರುವ ಹೊಲಗಳು ಬೇಕಾದಷ್ಟಿವೆ. ಸರ್ವೆ ನಂಬರ್, ಆರ್‌ಆರ್ ನಂಬರ್ ಎರಡೂ ಒಂದೇ ಇದ್ದು, ಎರಡರಲ್ಲೂ ನೀರು ಬರುತ್ತಿದೆ ಎಂದಿದ್ದರೆ ಬಹುತೇಕ ನಕಲು. ಒಂದು ಬತ್ತಿದೆ, ಒಂದು ನಡೆಯುತ್ತಿದೆ ಎಂದಿದ್ದರೆ ಎರಡನ್ನೂ ಉಳಿಸಿ.

ಅಕ್ಷಾಂಶ13 ಉತ್ತರ:

ಸೊನ್ನೆಗೆ ಇನ್ನೊಂದು ಕಾರಣ ಸೇರಿಸುತ್ತೇನೆ, ನಿಮ್ಮ ತಾಲ್ಲೂಕುಗಳಿಗೆ ಇದು ಚೆನ್ನಾಗಿಯೇ ತಾಗುತ್ತದೆ. ಮುಳಬಾಗಿಲಿನ ಪೂರ್ವಕ್ಕೆ ಆಂಧ್ರ, ಮಾಲೂರಿನ ದಕ್ಷಿಣಕ್ಕೆ ತಮಿಳುನಾಡು. ಗಡಿಯ ಪಕ್ಕದ ಪಂಚಾಯಿತಿ ಬೋರ್‌ನ ವೃತ್ತದಲ್ಲಿ ಅರ್ಧ ಭಾಗ ಆಚೆ ರಾಜ್ಯದಲ್ಲಿರಬಹುದು. ಅಲ್ಲಿಯೂ ಬೋರ್‌ಗಳಿವೆ, ನಿಮ್ಮ ಪಟ್ಟಿಯಲ್ಲಿ ಇಲ್ಲ ಅಷ್ಟೇ. ಪಕ್ಕದ ತಾಲ್ಲೂಕುಗಳ ಗಡಿಯಲ್ಲೂ ಇದೇ ಆಗುತ್ತದೆ. ಅಲ್ಲಿ ಬಂದ ಕಡಿಮೆ ಸಂಖ್ಯೆಯನ್ನು ‘ಇಲ್ಲಿ ಒತ್ತಡ ಕಡಿಮೆ’ ಎಂದು ಓದಿದರೆ ತಪ್ಪಾಗುತ್ತದೆ. ತಾಲ್ಲೂಕಿನ ಗಡಿ ಪಾಲಿಗನ್ ಅನ್ನು ‘ಪಾಲಿಗನ್ಸ್ ಟು ಲೈನ್ಸ್’ ಮೂಲಕ ಗೆರೆ ಮಾಡಿ, ಆ ಗೆರೆಯಿಂದ 500 ಮೀಟರ್ ಒಳಗಿನ ಪಂಚಾಯಿತಿ ಬೋರ್‌ಗಳಿಗೆ ಒಂದು ಕಾಲಂನಲ್ಲಿ ‘ಗಡಿ’ ಎಂದು ಗುರುತು ಹಾಕಿ. ಪಕ್ಕದ ತಾಲ್ಲೂಕಿನ ಪಟ್ಟಿ ಸಿಕ್ಕರೆ ಸೇರಿಸಿ ಮತ್ತೆ ಎಣಿಸಿ. ಆಚೆ ರಾಜ್ಯದ್ದು ಸಿಗದಿದ್ದರೆ ಗುರುತು ಹಾಗೇ ಉಳಿಯಲಿ.

ಅಂಚಿನ ಬೋರ್‌ಗಳ ಬಗ್ಗೆಯೂ ಎಚ್ಚರ ಬೇಕು. ಮೊಬೈಲ್ ಜಿಪಿಎಸ್ ಬಯಲಿನಲ್ಲೇ 5ರಿಂದ 10 ಮೀಟರ್ ಆಚೀಚೆ ಹೇಳುತ್ತದೆ, ತೆಂಗಿನ ತೋಟ, ಮಾವಿನ ತೋಪಿನೊಳಗೆ ಇನ್ನೂ ಹೆಚ್ಚು. 497 ಎಂದು ಬಂದದ್ದು ನಿಜವಾಗಿ 504 ಇರಬಹುದು. 490, 500, 510 ಮೂರಕ್ಕೂ ಬೇರೆ ಬೇರೆ ಕಾಲಂ ಎಣಿಸಿ. ಮೂರೂ ಒಂದೇ ಇದ್ದರೆ ಆ ಸಾಲು ಗಟ್ಟಿ. ಬೇರೆ ಇದ್ದರೆ ನಡುವಿನ ಬೋರ್‌ಗಳಿಗೆ ಸ್ಥಳದಲ್ಲೇ ಸರ್ವೆಯರ್ ಅಳತೆ ಬೇಕು. ಕಾಯ್ದೆಯ ವಿಷಯಕ್ಕೆ ಬಳಸುವ ಪಟ್ಟಿಯಾದರೆ ಇದನ್ನು ಬಿಡುವಂತೆಯೇ ಇಲ್ಲ, ಒಬ್ಬ ರೈತರ ಬೋರ್ ಒಳಗೋ ಹೊರಗೋ ಎಂಬುದು ಮೊಬೈಲ್‌ನ ಏಳು ಮೀಟರ್‌ನಿಂದ ತೀರ್ಮಾನ ಆಗಬಾರದು.

ಪದರಪದರ ಉತ್ತರ:

ಜಿಲ್ಲೆಯ ಎಲ್ಲ ತಾಲ್ಲೂಕುಗಳಿಗೆ ಇದನ್ನೇ ಮಾಡುವುದಾದರೆ ನಕ್ಷೆಗಳ ಡೇಟಾಬೇಸ್ ಆದ ಪೋಸ್ಟ್‌ಜಿಐಎಸ್‌ಗೆ ಹೋಗಿ. ‘ಎಸ್‌ಟಿ ಡಿವಿದಿನ್’ ಫಂಕ್ಷನ್, ದೂರ 500, ಎರಡೂ ಟೇಬಲ್‌ಗಳ ಜಿಯಾಮೆಟ್ರಿ ಕಾಲಂ ಮೇಲೆ ಜಿಸ್ಟ್ ಎಂಬ ಸ್ಪೇಷಿಯಲ್ ಇಂಡೆಕ್ಸ್. ‘ಎಸ್‌ಟಿ ಡಿಸ್ಟೆನ್ಸ್’ 500ಕ್ಕಿಂತ ಕಡಿಮೆ ಎಂದು ಬರೆದರೂ ಉತ್ತರ ಅದೇ, ಆದರೆ ಇಂಡೆಕ್ಸ್ ಬಳಕೆಯಾಗುವುದಿಲ್ಲ. ಪಂಚಾಯಿತಿ ಟೇಬಲ್ ಎಡಕ್ಕಿಟ್ಟು ಲೆಫ್ಟ್ ಜಾಯಿನ್ (ಎಡ ಟೇಬಲ್‌ನ ಎಲ್ಲ ಸಾಲೂ ಉಳಿಯುವ ಜೋಡಣೆ) ಮಾಡಿ, ಖಾಸಗಿ ಟೇಬಲ್‌ನ ಐಡಿ ಎಣಿಸಿ. ಬರೀ ಜಾಯಿನ್ ಮಾಡಿದರೆ ಸೊನ್ನೆಯ ಸಾಲುಗಳು ಮಾಯ, ಐಡಿಯ ಬದಲು ನಕ್ಷತ್ರ ಚಿಹ್ನೆ ಹಾಕಿ ಎಣಿಸಿದರೆ ಸೊನ್ನೆ ಇರಬೇಕಾದ ಕಡೆ 1.

ಖಾಸಗಿ ಬೋರ್ ಸುತ್ತ ಖಾಸಗಿ ಬೋರ್ ಎಣಿಸುವಾಗ, ಅಂದರೆ ಎರಡೂ ಕಡೆ ಒಂದೇ ಟೇಬಲ್ ಇದ್ದಾಗ, ಐಡಿಗಳು ಬೇರೆ ಇರಬೇಕು ಎಂಬ ಷರತ್ತು ಜಾಯಿನ್‌ನ ಒಳಗೇ ಇರಲಿ. ಅದನ್ನು ಕೆಳಗಿನ, ಸಾಲುಗಳನ್ನು ಸೋಸುವ ವೇರ್ ಭಾಗಕ್ಕೆ ಇಳಿಸಿದರೆ ಸುತ್ತ ಯಾರೂ ಇಲ್ಲದ ಒಂಟಿ ಬೋರ್‌ಗಳು ಪಟ್ಟಿಯಿಂದಲೇ ಬಿದ್ದುಹೋಗುತ್ತವೆ. ಬಫರ್ ವಿಧಾನದಲ್ಲಾದರೆ ಪ್ರತಿ ಎಣಿಕೆಯಿಂದ 1 ಕಳೆಯಬೇಕು, ತನ್ನ ವೃತ್ತದೊಳಗೆ ಆ ಬೋರೂ ಇರುತ್ತದಲ್ಲ.