ವೇಪರ್ ಲಾಕ್, ಫ್ಲಡಿಂಗ್, ಚೋಕ್: ದೋಣಿ ಇಂಜಿನ್ನಿಗೆ ಸಂಬಂಧಿಸಿದ ಕೆಲವು ಪದಗಳು

ಮಾನ್ಯರೇ,

ಕರಾವಳಿಯ ನಾಡದೋಣಿ ಮೀನುಗಾರರಿಗಾಗಿ, ದೋಣಿಯ ಹೊರಬದಿಗೆ ಜೋಡಿಸುವ ಔಟ್‌ಬೋರ್ಡ್ ಇಂಜಿನ್ನಿನ ನಿರ್ವಹಣೆಯ ಬಗ್ಗೆ ಕನ್ನಡದಲ್ಲಿ ಒಂದು ಕಿರು ಕೈಪಿಡಿಯನ್ನು ಸಿದ್ಧಪಡಿಸುತ್ತಿದ್ದೇನೆ. ‘ನಿಲ್ಲಿಸಿದ ಇಂಜಿನ್ ಮತ್ತೆ ಚಾಲೂ ಆಗದಿದ್ದರೆ’ ಎಂಬ ಅಧ್ಯಾಯದಲ್ಲಿ ಕೆಲವು ಪದಗಳು ನನಗೆ ಇನ್ನೂ ಇತ್ಯರ್ಥವಾಗಿಲ್ಲ. ಇಲ್ಲಿ ಒಂದು ದೋಷಕ್ಕೆ ಪರಿಹಾರವಾದದ್ದು ಇನ್ನೊಂದು ದೋಷವನ್ನು ಹೆಚ್ಚಿಸುವುದುಂಟು. ಆದ್ದರಿಂದ ಪದ ಮಸುಕಾಗಿದ್ದರೆ ಓದುಗ ನಡುಕಡಲಿನಲ್ಲಿ ತಪ್ಪು ಕೆಲಸಕ್ಕೆ ಕೈಹಾಕುವ ಅಪಾಯವಿದೆ.

ಮೊದಲನೆಯದು ವೇಪರ್ ಲಾಕ್. ಇಂಜಿನ್ನನ್ನು ತಣ್ಣಗಿಡುವ ನೀರಿನ ಹರಿವು ಇಂಜಿನ್ ನಿಂತೊಡನೆ ತಾನೂ ನಿಲ್ಲುವುದರಿಂದ ಮುಚ್ಚಳದೊಳಗೆ ಸ್ವಲ್ಪ ಹೊತ್ತು ಕಾವು ಏರುತ್ತದೆ. ಪೆಟ್ರೋಲಿನ ಹಗುರವಾದ ಅಂಶಗಳು ಸುಮಾರು 35–40 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯತೊಡಗುತ್ತವೆ. ಆಗ ಕೊಳವೆ ಮತ್ತು ಪಂಪಿನಲ್ಲಿ ಆವಿ ತುಂಬಿ, ದ್ರವರೂಪದ ಪೆಟ್ರೋಲ್ ಮುಂದೆ ಸಾಗುವುದಿಲ್ಲ. ಮುಚ್ಚಳ ತೆಗೆದು ಆರಲು ಬಿಟ್ಟು, ಪ್ರೈಮರ್ ಬಲ್ಬನ್ನು (ಪೆಟ್ರೋಲ್ ಕೊಳವೆಯ ನಡುವೆ ಇರುವ ರಬ್ಬರ್ ಉಂಡೆಯನ್ನು) ಗಟ್ಟಿಯಾಗುವವರೆಗೆ ಹಿಚುಕಿದರೆ ಸರಿಹೋಗುತ್ತದೆ. ಆಡುಮಾತಿನಲ್ಲಿ ಇದನ್ನು ‘ಏರ್ ಹಿಡಿದಿದೆ’ ಎಂದರೆ ನಡೆಯುತ್ತದೆ. ಆದರೆ ಕೊಳವೆಯ ಜೋಡಣೆ ಸಡಿಲವಾಗಿ ಹೊರಗಿನ ಗಾಳಿ ಒಳಸೇರಿದಾಗಲೂ ಇದೇ ಮಾತು ಬಳಕೆಯಾಗುತ್ತದೆ. ಅಲ್ಲಿ ಎಷ್ಟು ಹಿಚುಕಿದರೂ ಫಲವಿಲ್ಲ, ಜೋಡಣೆಯನ್ನೇ ಬಿಗಿಮಾಡಬೇಕು. ಹಾಗಾಗಿ ಸೋರಿಕೆಗೆ ‘ಗಾಳಿ ಸೇರಿದೆ’ ಎಂದೂ ವೇಪರ್ ಲಾಕಿಗೆ ‘ಆವಿ ಕಟ್ಟಿದೆ’ ಎಂದೂ ಬೇರ್ಪಡಿಸಿದ್ದೇನೆ. ‘ಮೂಗು ಕಟ್ಟಿದೆ’ ಎನ್ನುವಾಗ ಕಟ್ಟಿಕೊಂಡಿರುವುದು ದಾರಿ. ‘ಕಫ ಕಟ್ಟಿದೆ’ ಎನ್ನುವಾಗ ಕಟ್ಟಿರುವುದು ದಾರಿಗೆ ಅಡ್ಡವಾದ ವಸ್ತು. ಈ ಎರಡನೆಯ ಬಗೆಯ ಪ್ರಯೋಗವಾಗಿ ‘ಆವಿ ಕಟ್ಟಿದೆ’ ಎಂಬುದು ಸಹಜವಾಗಿಯೇ ಇದೆಯೆಂಬುದು ನನ್ನ ಅಭಿಪ್ರಾಯ. ‘ಬಾಷ್ಪಬಂಧ’ದಂಥ ಪದವನ್ನು ಟಂಕಿಸಬಹುದು, ಆದರೆ ದೋಣಿಯಲ್ಲಿ ಅದನ್ನು ಯಾರೂ ಆಡುವುದಿಲ್ಲ.

ಫ್ಲಡಿಂಗ್ ಇದಕ್ಕೆ ವಿರುದ್ಧವಾದ ಸ್ಥಿತಿ. ಬಿಸಿಯಿರುವ ಇಂಜಿನ್ನಿಗೆ ಚೋಕ್ ಕೊಟ್ಟರೆ (ಗಾಳಿಯ ದಾರಿಯನ್ನು ತಗಡಿನಿಂದ ಮುಚ್ಚಿ ಪೆಟ್ರೋಲಿನ ಪಾಲನ್ನು ಹೆಚ್ಚಿಸಿದರೆ) ಅಥವಾ ಬಲ್ಬನ್ನು ಅತಿಯಾಗಿ ಹಿಚುಕಿದರೆ ಪೆಟ್ರೋಲ್ ಹೆಚ್ಚಾಗಿ, ಪ್ಲಗ್ ಒದ್ದೆಯಾಗಿ ಕಿಡಿ ಹಾರುವುದಿಲ್ಲ. ಆಗ ಬಲ್ಬನ್ನು ಮುಟ್ಟದೆ, ಚೋಕ್ ಇಲ್ಲದೆ, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಆ ಗೇರಿನಲ್ಲಿ ಸಾಧ್ಯವಿರುವಷ್ಟೂ ಆಕ್ಸಿಲರೇಟರ್ ತೆರೆದು ಹಗ್ಗ ಎಳೆಯಬೇಕು. ಅದಕ್ಕೂ ಬಗ್ಗದಿದ್ದರೆ ಪ್ಲಗ್ ಬಿಚ್ಚಿ ಒಣಗಿಸಬೇಕು. ‘ಪೆಟ್ರೋಲ್ ತುಂಬಿದೆ’ ಎಂದು ಬರೆದರೆ ಟ್ಯಾಂಕ್ ತುಂಬಿದೆ ಎಂಬ ಅರ್ಥ ಬರುತ್ತದೆ, ‘ಉಕ್ಕಿದೆ’ ಎಂದರೆ ಹೊರಕ್ಕೆ ಚೆಲ್ಲಿದೆ ಎಂಬ ಅರ್ಥ. ‘ಪ್ಲಗ್ ತೋಯ್ದಿದೆ’ ಎನ್ನುವುದು ಕಣ್ಣಿಗೆ ಕಾಣುವುದನ್ನೇ ಹೇಳುತ್ತದೆ. ಆದರೆ ಕಡಲಿನಲ್ಲಿ ಪ್ಲಗ್ ನೀರಿನಿಂದಲೂ ತೋಯಬಹುದು. ಬೈಕ್ ರಿಪೇರಿಯವರು ಹೇಳುವ ‘ಪೆಟ್ರೋಲ್ ಓವರ್ ಆಗಿದೆ’ ಎಂಬುದನ್ನೇ ಉಳಿಸಿಕೊಳ್ಳುವುದು ಒಳ್ಳೆಯದೆಂದು ತೋರುತ್ತದೆ. ಇದಕ್ಕಿಂತ ಹಗುರವಾದ ಕನ್ನಡ ಮಾತಿದ್ದರೆ ತಿಳಿಸಿ.

ಮೂರನೆಯ ಸ್ಥಿತಿಗೆ ಸಿದ್ಧಪದವೇ ನನಗೆ ಸಿಕ್ಕಿಲ್ಲ, ನಮ್ಮ ಕರಾವಳಿಗೆ ಮುಖ್ಯವಾದದ್ದು ಮಾತ್ರ ಅದೇ. ಉಡುಪಿ ಜಿಲ್ಲೆಯ ಗಂಗೊಳ್ಳಿ, ಮರವಂತೆಗಳ ಕಡೆಯ ನಾಡದೋಣಿಗಳಲ್ಲಿ ಸೀಮೆಎಣ್ಣೆಯಿಂದ ಓಡುವ ಇಂಜಿನ್ನುಗಳಿವೆ. ಸರ್ಕಾರ ಮೀನುಗಾರರಿಗೆ ಸಹಾಯಧನದ ದರದಲ್ಲಿ ಸೀಮೆಎಣ್ಣೆ ಕೊಡುವುದೂ ಇವುಗಳಿಗಾಗಿಯೇ. ಇವನ್ನು ಪೆಟ್ರೋಲಿನಲ್ಲಿ ಚಾಲೂ ಮಾಡಿ, ಕಾವೇರಿದ ಮೇಲೆ ಸೀಮೆಎಣ್ಣೆಗೆ ಬದಲಿಸಿ, ನಿಲ್ಲಿಸುವ ಮುನ್ನ ಮತ್ತೆ ಪೆಟ್ರೋಲಿಗೆ ತಂದು ಸ್ವಲ್ಪ ಹೊತ್ತು ಓಡಿಸಬೇಕು. ಬಲೆ ಬಿಡುವ ಗಡಿಬಿಡಿಯಲ್ಲಿ ಸೀಮೆಎಣ್ಣೆಯಲ್ಲೇ ನಿಲ್ಲಿಸಿದರೆ ಇಂಧನಕ್ಕೆ ಗಾಳಿ ಬೆರೆಸುವ ಕಾರ್ಬುರೇಟರಿನ ಬಟ್ಟಲಿನಲ್ಲಿ ಅದೇ ಉಳಿಯುತ್ತದೆ. ಸೀಮೆಎಣ್ಣೆ ಕುದಿಯಲು ಸುಮಾರು 150 ಡಿಗ್ರಿಗಿಂತ ಹೆಚ್ಚಿನ ಕಾವು ಬೇಕಾಗಿರುವುದರಿಂದ, ಆರಿದ ಇಂಜಿನ್ನಿನಲ್ಲಿ ಅದು ಸಾಕಷ್ಟು ಆವಿಯಾಗದೆ ಕಿಡಿ ಬಿದ್ದರೂ ಹೊತ್ತಿಕೊಳ್ಳುವುದಿಲ್ಲ. ಬಟ್ಟಲಿನ ತಳದ ತಿರುಪನ್ನು ಸಡಿಲಿಸಿ ಅದನ್ನು ಬಸಿದು, ಪೆಟ್ರೋಲ್ ಬರುವಂತೆ ಮಾಡಿದ ಮೇಲೆಯೇ ಹಗ್ಗ ಎಳೆಯಬೇಕು. ಇದನ್ನೂ ‘ಏರ್ ಹಿಡಿದಿದೆ’ ಎಂದುಬಿಟ್ಟರೆ ಓದುಗ ಆವಿ ಹೆಚ್ಚಾದದ್ದೆಂದು ಬಗೆದು ಆರಲು ಬಿಡುತ್ತಾನೆ. ಆರಿದಷ್ಟೂ ತೊಂದರೆ ಬಲಿಯುತ್ತದೆ. ಸದ್ಯಕ್ಕೆ ‘ಸೀಮೆಎಣ್ಣೆ ನಿಂತಿದೆ’ ಎಂದು ಬರೆದಿದ್ದೇನೆ. ‘ಮಡುಗಟ್ಟಿದೆ’ ಎಂಬುದು ಅಷ್ಟು ಸಣ್ಣ ಬಟ್ಟಲಿಗೆ ಭಾರವಾಯಿತು.

ಕೊನೆಯದಾಗಿ ಚೋಕ್. ಪದದ ಬಗ್ಗೆ ತಕರಾರಿಲ್ಲ, ಅದರೊಂದಿಗೆ ಬರುವ ಕ್ರಿಯಾಪದದ್ದೇ ತೊಡಕು. ‘ಚೋಕ್ ಮುಚ್ಚಿ’ ಎಂದರೆ ಗಾಳಿಯ ದಾರಿಯ ತಗಡನ್ನು ಮುಚ್ಚುವುದು, ಅಂದರೆ ಚೋಕ್ ಕೊಡುವುದು ಎಂದು ಒಬ್ಬರು ತಿಳಿದರೆ, ಚೋಕನ್ನು ನಿಲ್ಲಿಸುವುದು ಎಂದು ಇನ್ನೊಬ್ಬರು ತಿಳಿಯುತ್ತಾರೆ. ‘ಚೋಕ್ ತೆಗೆಯಿರಿ’ ಎಂಬುದಕ್ಕೂ ಇದೇ ಗತಿ, ಏಕೆಂದರೆ ಬಾಗಿಲು ತೆಗೆಯುವುದು ತೆರೆಯುವುದಾದರೆ ಚಪ್ಪಲಿ ತೆಗೆಯುವುದು ಕಳಚುವುದು. ‘ಚೋಕ್ ಗುಂಡಿಯನ್ನು ಹೊರಕ್ಕೆ ಎಳೆಯಿರಿ’, ‘ಒಳಕ್ಕೆ ತಳ್ಳಿರಿ’ ಎಂದು ಬರೆದರೆ ಗುಂಡಿಯಿರುವ ಇಂಜಿನ್ನುಗಳ ಮಟ್ಟಿಗೆ ಗೊಂದಲವಿರದು. ಗುಂಡಿಯ ಬದಲು ಸನ್ನೆ (ಲಿವರ್) ಇರುವವುಗಳಿಗೂ ಹೊಂದುವಂತೆ ‘ಚೋಕ್ ಕೊಡು’, ‘ಚೋಕ್ ಬಿಡು’ ಎಂಬ ಜೋಡಿಯನ್ನು ಬಳಸಬಹುದೇ? ‘ಬಿಡು’ ಎಂಬುದನ್ನು ನಿಮ್ಮ ಕಡೆಯವರು ‘ಕೊಡು’ ಎಂಬ ಅರ್ಥದಲ್ಲಿಯೇ ತೆಗೆದುಕೊಳ್ಳುವ ಸಂಭವವಿದೆಯೇ? ಉಡುಪಿ, ಉತ್ತರ ಕನ್ನಡದ ಬಳಕೆಯನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.