ಮಳೆ ಬಂದರೆ ಹ್ಯಾಮ್ ಆಂಟೆನಾದ ಎಸ್‌ಡಬ್ಲ್ಯೂಆರ್ ಏರುತ್ತದೆ, ಸಿಡಿಲಿನ ಭಯವೂ ಇದೆ. ನಿಮ್ಮ ಅನುಭವ ಹೇಳಿ

ತೀರ್ಥಹಳ್ಳಿ ಕಡೆಯಿಂದ

ಎಲ್ಲರಿಗೂ ನಮಸ್ಕಾರ. ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಬಂದು ಒಂದು ವರ್ಷವಾಯಿತು. ಮನೆ ಅಡಿಕೆ ತೋಟದ ಮಧ್ಯೆ ಇದೆ. 40 ಮೀಟರ್ ಬ್ಯಾಂಡಿಗೆ (7 ಮೆಗಾಹರ್ಟ್ಸ್ ಆಸುಪಾಸು) ಇನ್ವರ್ಟೆಡ್ ವಿ, ಅಂದರೆ ನಡು ಎತ್ತರ, ತುದಿಗಳು ತಗ್ಗು ಇರುವ ತಂತಿ ಆಂಟೆನಾ ಕಟ್ಟಿದ್ದೇನೆ. ನಡುಭಾಗ ಜಿಐ ಪೈಪಿನ ಮೇಲೆ, ಸುಮಾರು 30 ಅಡಿ ಎತ್ತರದಲ್ಲಿ. ಎರಡು ತುದಿಗಳನ್ನು ಅಡಿಕೆ ಮರಗಳಿಗೆ ಕಟ್ಟಿದ್ದೇನೆ. ಮೇಲೆ ಆಂಟೆನಾ ತಂತಿಯನ್ನು ಕೇಬಲ್‌ಗೆ ಹೊಂದಿಸುವ ಬಲನ್ ಡಬ್ಬಿ, ಅಲ್ಲಿಂದ ರೂಮಿಗೆ 25 ಮೀಟರ್ ಆರ್‌ಜಿ-58 ಕೇಬಲ್.

ಬೇಸಿಗೆಯಲ್ಲಿ 7.1 ಮೆಗಾಹರ್ಟ್ಸ್‌ನಲ್ಲಿ ಎಸ್‌ಡಬ್ಲ್ಯೂಆರ್ (ಕಳಿಸಿದ ಪವರ್ ಎಷ್ಟು ವಾಪಸ್ ಬರುತ್ತದೆ ಅನ್ನುವ ಅಳತೆ, 1 ಇದ್ದರೆ ಏನೂ ವಾಪಸ್ ಇಲ್ಲ) 1.3 ಇತ್ತು. ಈಗ ಮಳೆ ಹಿಡಿದರೆ 4ಕ್ಕೆ ಹೋಗುತ್ತದೆ. ಎರಡು ದಿನ ಹೊಳವಾದರೆ 1.8ಕ್ಕೆ ಇಳಿಯುತ್ತದೆ. ಟ್ಯೂನರ್ ಹಾಕಿ ಮಾತಾಡುತ್ತೇನೆ, ಆದರೆ ಮೊದಲಿನ ಹಾಗೆ ಯಾರಿಗೂ ಕೇಳಿಸುತ್ತಿಲ್ಲ. ಎಲ್ಲಿಂದ ಹುಡುಕಲಿ? ಇನ್ನೊಂದು ಚಿಂತೆ ಸಿಡಿಲು. ಮೇ ತಿಂಗಳಲ್ಲಿ ಪಕ್ಕದ ಮನೆಯ ಟಿವಿ ಸುಟ್ಟಿತು. ರಿಗ್ (ರೇಡಿಯೋ ಸೆಟ್) ಉಳಿಸಿಕೊಳ್ಳುವುದು ಹೇಗೆ? ನನ್ನ ಹತ್ತಿರ ಮಲ್ಟಿಮೀಟರ್ ಮತ್ತು ಎಸ್‌ಡಬ್ಲ್ಯೂಆರ್ ಮೀಟರ್ ಮಾತ್ರ ಇವೆ.

ಪುತ್ತೂರಿನಿಂದ

ನಾನೂ ಅಡಿಕೆ ತೋಟದವನೇ. 20 ವರ್ಷದಿಂದ ಇದೇ ಮಳೆಯಲ್ಲಿ ಆಂಟೆನಾ ಕಟ್ಟುತ್ತಿದ್ದೇನೆ. ಮೊದಲು ಟ್ಯೂನರ್ ಪಕ್ಕಕ್ಕಿಡಿ. ರೂಮಿನಲ್ಲಿರುವ ಟ್ಯೂನರ್ ರಿಗ್‌ಗೆ 50 ಓಮ್ ತೋರಿಸಿ ಸಮಾಧಾನ ಮಾಡುತ್ತದೆ, ಅಷ್ಟೇ. ಮೇಲಿನ ತೊಂದರೆ ಮೇಲೆಯೇ ಇರುತ್ತದೆ. ನಿಮ್ಮ ಪವರ್ ಆಂಟೆನಾ ಕೇಬಲ್‌ನಲ್ಲಿ ಬಿಸಿಯಾಗಿ ಹೋಗುತ್ತದೆ.

ಎಸ್‌ಡಬ್ಲ್ಯೂಆರ್ ಏರಿದಾಗ ನಮ್ಮ ಕೈ ಸೀದಾ ಆಂಟೆನಾ ತಂತಿಗೆ ಹೋಗುತ್ತದೆ. ಕತ್ತರಿಸೋಣ, ಉದ್ದ ಮಾಡೋಣ ಅಂತ. ದಯವಿಟ್ಟು ಈಗ ತಂತಿ ಮುಟ್ಟಬೇಡಿ. 40 ಮೀಟರ್ ಡೈಪೋಲ್‌ಗೆ (ನಿಮ್ಮ ಇನ್ವರ್ಟೆಡ್ ವಿ ಕೂಡ ಒಂದು ಡೈಪೋಲೇ) ಒಟ್ಟು ಉದ್ದ ಸುಮಾರು 66 ಅಡಿ, ಅಂದರೆ 468ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದಷ್ಟು. ಒಟ್ಟು ಉದ್ದದಲ್ಲಿ ಒಂದು ಅಡಿ ಕಡಿಮೆಯಾದರೆ ಫ್ರೀಕ್ವೆನ್ಸಿ ಸುಮಾರು 100 ಕಿಲೋಹರ್ಟ್ಸ್ ಮೇಲಕ್ಕೆ ಹೋಗುತ್ತದೆ. ಬೇಸಿಗೆಯಲ್ಲಿ ಸರಿ ಇದ್ದ ತಂತಿ ಮಳೆಗೆ ಅಡಿಗಟ್ಟಲೆ ಬದಲಾಗುವುದಿಲ್ಲ. ತಂತಿ ಒದ್ದೆಯಾದರೆ ಡಿಪ್, ಅಂದರೆ ಎಸ್‌ಡಬ್ಲ್ಯೂಆರ್ ಅತಿ ಕಡಿಮೆ ಇರುವ ಫ್ರೀಕ್ವೆನ್ಸಿ, ಸ್ವಲ್ಪ ಕೆಳಗೆ ಸರಿಯುವುದು ಸಹಜ. 1.3 ಇದ್ದದ್ದು 4 ಆಗುವುದು ಸಹಜವಲ್ಲ. ನನ್ನ ಪ್ರಕಾರ ಎಲ್ಲೋ ನೀರು ಒಳಗೆ ಹೋಗಿದೆ.

ರಿಗ್‌ನಿಂದ ಹೊರಗಡೆಗೆ ಒಂದೊಂದೇ ಹೆಜ್ಜೆ ಹೋಗಿ. ಅದಕ್ಕೆ ಒಂದು ಡಮ್ಮಿ ಲೋಡ್, ಅಂದರೆ ಆಂಟೆನಾ ಬದಲು ಹಾಕುವ 50 ಓಮ್ ರೆಸಿಸ್ಟರ್ ಬೇಕು. ನಾನು ಬೆಂಗಳೂರಿಗೆ ಹೋದಾಗ ಎಸ್.ಪಿ. ರೋಡಿನಿಂದ 1 ಕಿಲೋಓಮ್, 2 ವ್ಯಾಟ್‌ನ 20 ರೆಸಿಸ್ಟರ್ ತಂದು ಪ್ಯಾರಲಲ್ ಆಗಿ ಬೆಸುಗೆ ಹಾಕಿದೆ. 50 ಓಮ್, 40 ವ್ಯಾಟ್ ಆಯಿತು. ಕಾರ್ಬನ್ ಅಥವಾ ಮೆಟಲ್ ಫಿಲ್ಮ್ ತರಬೇಕು, ವೈರ್‌ವೌಂಡ್ ಬೇಡ, ಅದು ಕಾಯಿಲ್‌ನ ಹಾಗೆ ವರ್ತಿಸುತ್ತದೆ. ಅದನ್ನು ಮೊದಲು ಎಸ್‌ಡಬ್ಲ್ಯೂಆರ್ ಮೀಟರ್‌ಗೇ ಹಾಕಿ, 5 ವ್ಯಾಟ್‌ನಲ್ಲಿ ನೋಡಿ. 1.1ರ ಒಳಗೆ ಬಂದರೆ ರಿಗ್, ಮೀಟರ್, ಚಿಕ್ಕ ಪ್ಯಾಚ್ ಕೇಬಲ್ ಎಲ್ಲ ಸರಿ. ಎಷ್ಟೋ ಜನ ಕಂಬ ಇಳಿಸಿದ ಮೇಲೆ ತೊಂದರೆ ಪ್ಯಾಚ್ ಕೇಬಲ್‌ನಲ್ಲಿತ್ತು ಅಂತ ಗೊತ್ತಾಗುತ್ತದೆ. ಆಮೇಲೆ ಕಂಬ ಇಳಿಸಿ, ಬಲನ್ ಕಳಚಿ, ಉದ್ದ ಕೇಬಲ್‌ನ ಆ ತುದಿಗೆ ಡಮ್ಮಿ ಲೋಡ್ ಹಾಕಿ ನೋಡಿ.

ಈ ಹಂತದಲ್ಲಿ ಮಲ್ಟಿಮೀಟರ್ ಕೂಡ ಕೆಲಸ ಮಾಡುತ್ತದೆ. ಕೇಬಲ್‌ನ ಎರಡೂ ತುದಿ ಕಳಚಿ, ನಡುವಿನ ತಂತಿಗೂ ಹೊರಗಿನ ಜಾಳಿಗೆಗೂ ಮಧ್ಯೆ ಅಳೆಯಿರಿ. ಮೀಟರ್ ಏನೂ ತೋರಿಸಬಾರದು. ಕಿಲೋಓಮ್ ಲೆಕ್ಕದಲ್ಲಿ ಏನಾದರೂ ಓಡಾಡುತ್ತಿದ್ದರೆ ನೀರಿದೆ ಅಂತಲೇ. ಆಂಟೆನಾ ಸೇರಿಸಿಕೊಂಡು ಅಳೆಯಬೇಡಿ. ಕೆಲವು ಬಲನ್‌ಗಳು ಡಿಸಿಗೆ ಶಾರ್ಟ್ ಆಗಿಯೇ ಇರುತ್ತವೆ, ಸುಮ್ನೆ ಗಾಬರಿಯಾಗುತ್ತದೆ.

ಮುಖ್ಯವಾದ ಮಾತು ಇನ್ನೊಂದಿದೆ. ಮಳೆಯಲ್ಲಿ ಬರುವ ದೋಷ ಬಿಸಿಲಿನಲ್ಲಿ ಸಿಗುವುದಿಲ್ಲ. ಹೊಳವಾದ ದಿನ ಹತ್ತಿ ನೋಡಿದರೆ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ನಾನು ಒಂದು ವರ್ಷ ಹಾಗೆಯೇ ಕಳೆದೆ. ಕೊನೆಗೆ ಕಂಬ ಇಳಿಸಿ, ಒಂದೊಂದು ಜೋಡಣೆಯ ಮೇಲೂ ಚೊಂಬಿನಿಂದ ನೀರು ಸುರಿದು ಮೀಟರ್ ನೋಡಿದೆ. ಮೂರನೆಯ ಚೊಂಬಿಗೆ ಸಿಕ್ಕಿತು. ಕೇಬಲ್ ತುದಿಯ ಪಿಎಲ್-259 ಪ್ಲಗ್‌ನ ಹಿಂಭಾಗ. ಈ ಪ್ಲಗ್ ನೋಡಲು ಗಟ್ಟಿ, ಆದರೆ ನೀರು ತಡೆಯುವ ಹಾಗೆ ಮಾಡಿದ್ದಲ್ಲ. ನೀರು ಒಮ್ಮೆ ಒಳಗೆ ಹೋದರೆ ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಜಾಳಿಗೆ ಅದನ್ನು ಎಳೆದುಕೊಂಡು ಹೋಗುತ್ತದೆ.

ಪ್ಲಗ್ ಹೊಸದು ಹಾಕಿದ ಮೇಲೆ ತನ್ನಷ್ಟಕ್ಕೆ ಅಂಟಿಕೊಳ್ಳುವ ರಬ್ಬರ್ ಟೇಪನ್ನು ಎಳೆದು ಎಳೆದು ಸುತ್ತಿ. ಕೆಳಗಿನಿಂದ ಮೇಲಕ್ಕೆ ಸುತ್ತಬೇಕು, ಹೆಂಚು ಹೊದಿಸಿದ ಹಾಗೆ. ಆಗ ನೀರು ಜಾರಿ ಹೋಗುತ್ತದೆ. ಅದರ ಮೇಲೆ ಮಾಮೂಲಿ ಪಿವಿಸಿ ಟೇಪ್, ಬಿಸಿಲಿನ ರಕ್ಷಣೆಗೆ. ಆ ಟೇಪ್ ಸಿಗದಿದ್ದಾಗ ಸೈಕಲ್ ಟ್ಯೂಬ್ ಪಟ್ಟಿ ಕತ್ತರಿಸಿ ಬಿಗಿಯಾಗಿ ಸುತ್ತಿದ್ದೇನೆ, ಎರಡು ಮಳೆಗಾಲ ಬಂತು. ಕೇಬಲ್ ಗೋಡೆಯೊಳಗೆ ಹೋಗುವ ಮೊದಲು ಕೆಳಕ್ಕೆ ಒಂದು ಬಾಗು ಬಿಡಿ. ನೀರು ಅಲ್ಲೇ ತೊಟ್ಟಿಕ್ಕಲಿ.

ತೋಟದವರಿಗೆ ಮಾತ್ರ ಅರ್ಥವಾಗುವ ಒಂದು ವಿಷಯ. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ (ಮೈಲುತುತ್ತು-ಸುಣ್ಣದ ದ್ರಾವಣ) ಹೊಡೆಸುತ್ತೀರಿ ಅಲ್ವಾ? ಆ ದ್ರಾವಣ ಇನ್ಸುಲೇಟರ್ ಮೇಲೆ, ಕನೆಕ್ಟರ್ ಮೇಲೆ, ಜಿಐ ಪೈಪಿನ ಮೇಲೆ ಎಲ್ಲ ಬೀಳುತ್ತದೆ. ಮೈಲುತುತ್ತು ಕಬ್ಬಿಣವನ್ನು ತಿನ್ನುತ್ತದೆ, ಅದಕ್ಕೇ ನಾವು ಅದನ್ನು ಕಬ್ಬಿಣದ ಪಾತ್ರೆಯಲ್ಲಿ ಕಲಸುವುದಿಲ್ಲ. ಹೊಡೆಸುವ ದಿನ ಆಂಟೆನಾ ಇಳಿಸಿಬಿಡಿ. ಆಗದಿದ್ದರೆ ಕನೆಕ್ಟರ್‌ಗೆ ಪ್ಲಾಸ್ಟಿಕ್ ಕವರ್ ಕಟ್ಟಿ, ಆಮೇಲೆ ಇನ್ಸುಲೇಟರ್ ತೊಳೆಯಿರಿ.

ಅಡಿಕೆ ಮರ ಗಾಳಿಗೆ ತುಂಬಾ ಓಲಾಡುತ್ತದೆ. ತಂತಿಯನ್ನು ಬಿಗಿಯಾಗಿ ಕಟ್ಟಿದರೆ ಬೆಸುಗೆಯ ಹತ್ತಿರವೇ ತುಂಡಾಗುತ್ತದೆ. ಒಂದು ತುದಿಗೆ ರಾಟೆ ಹಾಕಿ, ಹಗ್ಗದ ಕೊನೆಗೆ ಕಲ್ಲು ತುಂಬಿದ ಡಬ್ಬಿ ನೇತುಹಾಕಿ. ಮರ ವಾಲಿದಾಗ ಡಬ್ಬಿ ಮೇಲೆ ಕೆಳಗೆ ಆಡುತ್ತದೆ, ತಂತಿಗೆ ಎಳೆತ ಬೀಳುವುದಿಲ್ಲ. ಡಬ್ಬಿಯ ಕೆಳಗೆ ಯಾರೂ ಓಡಾಡದ ಜಾಗ ನೋಡಿಕೊಳ್ಳಿ.

ಉಡುಪಿಯಿಂದ

ಪುತ್ತೂರಿನ ಅಣ್ಣ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಕೇಬಲ್ ತುದಿಗೆ ಡಮ್ಮಿ ಲೋಡ್ ಹಾಕಿ ಎಸ್‌ಡಬ್ಲ್ಯೂಆರ್ ಒಳ್ಳೆಯದು ಬಂದರೂ ಕೇಬಲ್ ಒಳ್ಳೆಯದು ಅಂತ ನಂಬಬೇಡಿ. ನಮ್ಮ ಮನೆ ಕಡಲಿಗೆ ಹತ್ತಿರ. ನನ್ನ ಆಂಟೆನಾದ ಎಸ್‌ಡಬ್ಲ್ಯೂಆರ್ ವರ್ಷದಿಂದ ವರ್ಷಕ್ಕೆ ಚೆನ್ನಾಗುತ್ತಾ ಬಂತು. ಬ್ಯಾಂಡ್ ಪೂರ್ತಿ 1.3. ಕೇಳಿಸುವ ಸ್ಟೇಷನ್‌ಗಳು ಮಾತ್ರ ಕಡಿಮೆಯಾಗುತ್ತಿದ್ದವು.

ಆಗಿದ್ದಿಷ್ಟು. ಉಪ್ಪು ಗಾಳಿಗೆ ಜಾಳಿಗೆ ಒಳಗೊಳಗೇ ಕಪ್ಪಾಗಿತ್ತು. ಹೋದ ಪವರ್ ದಾರಿಯಲ್ಲೇ ಸಾಯುತ್ತಿತ್ತು. ಆಂಟೆನಾದಿಂದ ವಾಪಸ್ ಬರಬೇಕಾದ ಪವರ್ ಮತ್ತೆ ದಾರಿಯಲ್ಲಿ ಸಾಯುತ್ತಿತ್ತು. ಮೀಟರ್‌ಗೆ ವಾಪಸ್ ಏನೂ ಬರುವುದೇ ಇಲ್ಲ, ಹಾಗಾಗಿ ಅದು ಒಳ್ಳೆಯ ಅಂಕಿ ತೋರಿಸುತ್ತದೆ.

ಪರೀಕ್ಷೆ ಸುಲಭ. ವ್ಯಾಟ್ ಮೀಟರ್ ಇದ್ದರೆ ಈ ತುದಿಯಲ್ಲಿ 10 ವ್ಯಾಟ್ ಕೊಟ್ಟು, ಆ ತುದಿಯಲ್ಲಿ ಡಮ್ಮಿ ಲೋಡ್‌ನ ಮುಂದೆ ಅಳೆಯಿರಿ. 25 ಮೀಟರ್ ಒಳ್ಳೆಯ ಆರ್‌ಜಿ-58ರಲ್ಲಿ 7 ಮೆಗಾಹರ್ಟ್ಸ್‌ಗೆ 7-8 ವ್ಯಾಟ್ ಬರಬೇಕು. ನನಗೆ ಬಂದದ್ದು 3. ಯಾರ ಹತ್ತಿರವಾದರೂ ನ್ಯಾನೋ ವಿಎನ್‌ಎ (ಆಂಟೆನಾ, ಕೇಬಲ್ ಅಳೆಯುವ ಚಿಕ್ಕ ಉಪಕರಣ) ಇದ್ದರೆ ಒಂದು ದಿನ ಕೇಳಿ ತನ್ನಿ. ಕೇಬಲ್‌ನ ಆ ತುದಿಯನ್ನು ಏನೂ ಹಾಕದೆ ತೆರೆದಿಟ್ಟು ನೋಡಿ. ಎಸ್‌ಡಬ್ಲ್ಯೂಆರ್ ತುಂಬಾ ಕೆಟ್ಟದಾಗಿ ಬಂದರೆ ಕೇಬಲ್ ಚೆನ್ನಾಗಿದೆ. 3 ಬಂದರೆ ಅರ್ಧ ಪವರ್ ಕೇಬಲ್‌ನಲ್ಲೇ ಹೋಗುತ್ತಿದೆ. ತುದಿ ತೆರೆದಿಡುವ ಈ ಪರೀಕ್ಷೆಯನ್ನು ರಿಗ್‌ನಿಂದ ಮಾಡಲೇಬೇಡಿ, ಔಟ್‌ಪುಟ್ ಟ್ರಾನ್ಸಿಸ್ಟರ್‌ಗೆ ಅಪಾಯ.

ನೀರು ಕುಡಿದ ಕೇಬಲ್ ಒಣಗಿಸಿ ಬಳಸುವ ಯೋಚನೆ ಬೇಡ. ಕಪ್ಪಾದ ಭಾಗ ಮುಗಿದು ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸಿ. ಕಾಣದೇ ಇದ್ದರೆ ಇಡೀ ಕೇಬಲ್ ಬದಲಿಸಿ.

ಚಿಕ್ಕಮಗಳೂರಿನಿಂದ

ಸಿಡಿಲಿನ ಬಗ್ಗೆ ನಾನು ಹೇಳುತ್ತೇನೆ, ಒಂದು ರಿಗ್ ಕಳೆದುಕೊಂಡವನು ನಾನು. ಸಿಡಿಲು ನಮ್ಮ ಆಂಟೆನಾಗೆ ಹೊಡೆಯಲಿಲ್ಲ. ಸುಮಾರು 200 ಅಡಿ ದೂರದ ಸಿಲ್ವರ್ ಓಕ್ ಮರಕ್ಕೆ ಬಡಿಯಿತು. ಆಂಟೆನಾ ಕೇಬಲ್ ಕಳಚಿದ್ದೆ. ಪವರ್ ಸಪ್ಲೈ ಪ್ಲಗ್ ಕಿತ್ತಿದ್ದೆ. ಆದರೆ ಡಿಜಿಟಲ್ ಮೋಡ್‌ಗೆ ಕಂಪ್ಯೂಟರ್‌ನಿಂದ ಬಂದಿದ್ದ ಯುಎಸ್‌ಬಿ ಕೇಬಲ್ ಹಾಗೇ ಇತ್ತು. ಕಂಪ್ಯೂಟರ್‌ಗೆ ಇಂಟರ್‌ನೆಟ್ ತಂತಿ ಇತ್ತು. ಆ ದಾರಿಯಲ್ಲಿ ಬಂತು. ಎರಡೂ ಹೋದವು.

ಅವತ್ತಿನಿಂದ ನಾನು ರಿಗ್‌ಗೆ ಬರುವ ಎಲ್ಲ ತಂತಿಗಳನ್ನೂ ಎಣಿಸುತ್ತೇನೆ. ಆಂಟೆನಾ, ಕರೆಂಟು, ಕಂಪ್ಯೂಟರ್, ಆಂಟೆನಾ ತಿರುಗಿಸುವ ರೋಟೇಟರ್. ಒಂದು ಉಳಿದರೂ ಕಳಚಿದ ಲೆಕ್ಕಕ್ಕಿಲ್ಲ. ಏಪ್ರಿಲ್-ಮೇ ಸಂಜೆಗಳಲ್ಲಿ ಮತ್ತು ಅಕ್ಟೋಬರ್‌ನಲ್ಲಿ ಕೆಲಸ ಮುಗಿದ ಕೂಡಲೇ ಎಲ್ಲ ಕಳಚುತ್ತೇನೆ, ಆಕಾಶ ನೋಡುವುದೇ ಇಲ್ಲ. ಕೇಬಲ್ ತುದಿಯನ್ನು ಒಳಗೆ ಬಿಡದೆ, ಕಿಟಕಿಯ ಹೊರಗಿರುವ ಅರ್ಥ್ ಪಟ್ಟಿಗೆ ಸಿಕ್ಕಿಸುತ್ತೇನೆ. ಕೆಲವರು ಪ್ಲಗ್ಗನ್ನು ಗಾಜಿನ ಬಾಟಲಿಯಲ್ಲಿ ಇಡುತ್ತಾರೆ. ಅದರಿಂದ ಪ್ರಯೋಜನವಿಲ್ಲ, ಸಿಡಿಲಿಗೆ ಗಾಜು ಒಂದು ತಡೆಯೇ ಅಲ್ಲ.

ಗುಡುಗು ಶುರುವಾದ ಮೇಲೆ ಕಳಚಲು ಓಡಲೇಬೇಡಿ. ಮಿಂಚು ಕಂಡು 30 ಸೆಕೆಂಡಿನ ಒಳಗೆ ಗುಡುಗು ಕೇಳಿದರೆ ಅದು ಸುಮಾರು 10 ಕಿಲೋಮೀಟರ್ ಒಳಗಿದೆ. ಆಗ ರಿಗ್ ಹೋದರೆ ಹೋಗಲಿ, ನೀವು ಕೇಬಲ್ ಮುಟ್ಟಬೇಡಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಾಯಿರಿ. ಫೋನಿನಲ್ಲಿ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪ್, ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನ ‘ದಾಮಿನಿ’ ಆ್ಯಪ್ ಎರಡೂ ಇಟ್ಟುಕೊಂಡಿದ್ದೇನೆ.

ಕೇಬಲ್‌ಗೆ ಗ್ಯಾಸ್ ಟ್ಯೂಬ್ ಅರೆಸ್ಟರ್ (ಸಿಡಿಲು ರಕ್ಷಕ) ಹಾಕಿ, ಬೇಡ ಅನ್ನುವುದಿಲ್ಲ. ದೂರದ ಸಿಡಿಲಿನಿಂದ ತಂತಿಯಲ್ಲಿ ಹುಟ್ಟುವ ವೋಲ್ಟೇಜನ್ನು ಅದು ನೆಲಕ್ಕೆ ಇಳಿಸುತ್ತದೆ. ಆದರೆ ಕೇಬಲ್ ಮನೆ ಹೊಗುವ ಜಾಗದಲ್ಲೇ ಇರಬೇಕು, ನೆಲಕ್ಕೆ ಹೋಗುವ ತಂತಿ ದಪ್ಪ, ನೇರ, ಗಿಡ್ಡ ಇರಬೇಕು. ರೂಮಿನೊಳಗೆ ಮೇಜಿನ ಮೇಲೆ ಅರೆಸ್ಟರ್ ಇಟ್ಟರೆ ಸಿಡಿಲನ್ನು ಮೇಜಿನವರೆಗೆ ಕರೆದಂತೆ. ನೇರವಾಗಿ ಬಡಿದರೆ ಯಾವ ಅರೆಸ್ಟರ್ ಮೇಲೂ ಭರವಸೆ ಇಡಬೇಡಿ.

ಆಂಟೆನಾಗೆ ಬೇರೆ ಅರ್ಥ್, ಮನೆಗೆ ಬೇರೆ ಅರ್ಥ್ ಇದ್ದರೆ ಎರಡನ್ನೂ ದಪ್ಪ ತಾಮ್ರದ ತಂತಿಯಿಂದ ಹೊರಗಡೆಯೇ ಜೋಡಿಸಿ. ಇಲ್ಲದಿದ್ದರೆ ಹತ್ತಿರದಲ್ಲಿ ಸಿಡಿಲು ಬಿದ್ದಾಗ ಎರಡು ಅರ್ಥ್‌ಗಳ ಮಧ್ಯೆ ಸಾವಿರಾರು ವೋಲ್ಟ್ ವ್ಯತ್ಯಾಸ ಬರಬಹುದು, ಅದು ನಿಮ್ಮ ರಿಗ್ ಮೂಲಕವೇ ದಾಟುತ್ತದೆ. ಮನೆಯ ಅರ್ಥ್ ಕೆಲಸಕ್ಕೆ ಎಲೆಕ್ಟ್ರಿಷಿಯನ್ ಕರೆಯಿರಿ.

ಕಂಬ ಇಳಿಸುವಾಗ ಕರೆಂಟ್ ಲೈನ್ ಎಲ್ಲಿದೆ ಅಂತ ನೋಡಿ. ಅಲ್ಯೂಮಿನಿಯಂ ದೋಟಿ ಲೈನಿಗೆ ತಾಗಿ ಹೋದವರ ಸುದ್ದಿ ನಿಮ್ಮ ಕಡೆಯೂ ಕೇಳಿರುತ್ತೀರಿ. ಜಿಐ ಪೈಪೂ ಅಷ್ಟೇ. ಪೈಪ್ ಯಾವ ದಿಕ್ಕಿಗೆ ಬಿದ್ದರೂ, ಅದರ ಜೊತೆ ತಂತಿ ಹಾರಿದರೂ ಲೈನಿಗೆ ತಾಗಬಾರದು. ಒಬ್ಬರೇ ಇಳಿಸಬೇಡಿ.

ತೀರ್ಥಹಳ್ಳಿ ಕಡೆಯಿಂದ, ಎರಡು ವಾರದ ನಂತರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಭಾನುವಾರ ತಮ್ಮನ ಜೊತೆ ಸೇರಿ ಕಂಬ ಇಳಿಸಿದೆ. ಬಲನ್ ಡಬ್ಬಿಯ ಕೆಳಗೆ ನೀರು ಹೋಗಲೆಂದು ಕೊರೆದಿದ್ದ ತೂತಿಗೆ ಕುಂಬಾರ ಹುಳ ಮಣ್ಣು ಮೆತ್ತಿತ್ತು. ಡಬ್ಬಿಯೊಳಗೆ ಅರ್ಧ ಇಂಚು ನೀರು ನಿಂತಿತ್ತು. ಅಲ್ಲಿಂದ ಕೇಬಲ್‌ಗೆ ಇಳಿದಿದೆ. ಪ್ಲಗ್ ಬಿಚ್ಚಿದಾಗ ಜಾಳಿಗೆ ಹಸಿರು-ಕಪ್ಪಾಗಿತ್ತು. ಕೇಬಲ್‌ನಲ್ಲಿ ಮಲ್ಟಿಮೀಟರ್ 40 ಕಿಲೋಓಮ್ ತೋರಿಸಿತು. ಎರಡು ಮೀಟರ್ ಕತ್ತರಿಸಿದರೂ ಹೊಳೆಯುವ ತಾಮ್ರ ಸಿಗಲಿಲ್ಲ. ಹಾಗಾಗಿ ಪೂರ್ತಿ ಕೇಬಲ್ ಹೊಸದು ಹಾಕಿದೆ, ಈ ಸಲ ಇನ್ನೂ ದಪ್ಪದ ಆರ್‌ಜಿ-213. ತೂತಿಗೆ ಸಣ್ಣ ಸ್ಟೀಲ್ ಜಾಲರಿ ಅಂಟಿಸಿದ್ದೇನೆ. ಟೇಪ್ ಕೆಳಗಿನಿಂದ ಮೇಲಕ್ಕೆ ಸುತ್ತಿದ್ದೇನೆ. ಕಂಬ ಏರಿಸುವ ಮೊದಲು ಮೂರು ಚೊಂಬು ನೀರನ್ನೂ ಸುರಿದೆ.

ನಿನ್ನೆ ರಾತ್ರಿಯಿಂದ ಬಿಡದೆ ಮಳೆ. ಎಸ್‌ಡಬ್ಲ್ಯೂಆರ್ 1.4, ಟ್ಯೂನರ್ ಇಲ್ಲದೆ. ಅರ್ಥ್ ಜೋಡಿಸುವ ಕೆಲಸ ಬಾಕಿ ಇದೆ, ಎಲೆಕ್ಟ್ರಿಷಿಯನ್ ಮುಂದಿನ ವಾರ ಬರುತ್ತಾರೆ. ಅಲ್ಲಿಯವರೆಗೆ ಎಲ್ಲ ತಂತಿ ಎಣಿಸಿ ಕಳಚುತ್ತಿದ್ದೇನೆ. ನಾಳೆ ಬೆಳಿಗ್ಗೆ 7.1ರ ಆಸುಪಾಸಿನಲ್ಲಿ ಕರೆಯುತ್ತೇನೆ. ಕೇಳಿಸಿದವರು ರಿಪೋರ್ಟ್ ಕೊಡಿ. 73 (ಹ್ಯಾಮ್‌ಗಳ ಭಾಷೆಯಲ್ಲಿ ಶುಭಾಶಯ).