ಸಹಾಯ ಬೇಕು: ಚಿಪ್‌ನಲ್ಲಿ ಶಬ್ದದ ಅಲೆಯಿಂದ ದ್ರವ ಬೆರೆಸುವುದು

ಎಲ್ಲರಿಗೂ ನಮಸ್ಕಾರ. ರಕ್ತ ಪರೀಕ್ಷೆಯ ಮೈಕ್ರೋಫ್ಲೂಯಿಡಿಕ್ ಚಿಪ್ (ಕೂದಲೆಳೆಯಷ್ಟು ಸಣ್ಣ ಕಾಲುವೆಗಳಲ್ಲಿ ದ್ರವ ಹರಿಸುವ ಚಿಪ್) ಮೇಲೆ ಕೆಲಸ ಮಾಡುತ್ತಿದ್ದೇನೆ. ಅಷ್ಟು ಸಣ್ಣ ಕಾಲುವೆಯಲ್ಲಿ ಎರಡು ದ್ರವ ಬಿಟ್ಟರೆ ಸುಮ್ನೆ ಅಕ್ಕಪಕ್ಕ ಹರಿಯುತ್ತವೆ, ಬೇಗ ಬೆರೆಯುವುದಿಲ್ಲ ಅಲ್ವಾ? ಅದಕ್ಕೇ ಕಾಲುವೆಯ ಗೋಡೆಯಲ್ಲಿ ಪಿಡಿಎಂಎಸ್‌ನ (ರಬ್ಬರಿನಂಥ ಮೆತ್ತನೆಯ ಸಿಲಿಕೋನ್) ಚೂಪು ಮೊನೆಗಳನ್ನು ಮಾಡಿ, ಗಾಜಿನ ಸ್ಲೈಡ್‌ಗೆ ಪೀಜೋ ಡಿಸ್ಕ್ (ವಿದ್ಯುತ್ ಕೊಟ್ಟರೆ ಕಂಪಿಸುವ ಬಿಲ್ಲೆ) ಅನ್ನು ಎಪಾಕ್ಸಿ ಅಂಟಿನಿಂದ ಅಂಟಿಸಿದ್ದೇನೆ. ಸುಮಾರು 5 ಕಿಲೋಹರ್ಟ್ಸ್ ಕೊಟ್ಟರೆ ಮೊನೆ ನಡುಗುತ್ತದೆ, ಅದರ ಎರಡೂ ಬದಿ ಪುಟ್ಟ ಸುಳಿ ಏಳುತ್ತದೆ. ಬಣ್ಣದ ನೀರಲ್ಲಿ ನೋಡಲು ತುಂಬಾ ಚೆಂದ!

ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಹಾಕಿದರೆ ಮಾತ್ರ ಸುಳಿ ಸೊರಗುತ್ತದೆ. ವೋಲ್ಟೇಜ್ ಜಾಸ್ತಿ ಮಾಡಿದರೆ ಚಿಪ್ ಬಿಸಿಯಾಗುತ್ತದೆ. ಆ ಬಿಸಿಗೆ ಪರೀಕ್ಷೆಯ ಆಂಟಿಬಾಡಿಗಳು (ಗುರಿಯ ವಸ್ತುವನ್ನು ಹಿಡಿಯುವ ಪ್ರೋಟೀನ್‌ಗಳು) ಹಾಳಾದರೆ ಪರೀಕ್ಷೆಯೇ ತಪ್ಪು ಹೇಳುತ್ತದೆ, ನನಗೆ ಅದೇ ಚಿಂತೆ.

ಡಿಸ್ಕನ್ನು ಬಿಟ್ಟು ಬಿಟ್ಟು ಆನ್ ಮಾಡಿದರೆ ಬಿಸಿ ಕಮ್ಮಿಯಾಗುತ್ತದಾ? ಎಪಾಕ್ಸಿ ಪದರ ಎಷ್ಟು ತೆಳುವಿರಬೇಕು? ದ್ರವ ಬದಲಾದಾಗ ಫ್ರೀಕ್ವೆನ್ಸಿಯನ್ನು ಮತ್ತೆ ಹುಡುಕಬೇಕಾ? ಕೈಯಾರೆ ಮಾಡಿದವರು ದಯವಿಟ್ಟು ತಿಳಿಸಿ.